ಬಾತುಕೋಳಿ ಬಳ್ಳಿಯ ಮೊಟ್ಟೆಗಳು

ಎಲೆ ತಿನ್ನುತ್ತಿದ್ದ ಹುಳ ಎಲೆ ಬಿಟ್ಟು ಡಬ್ಬಿಯ ಮೂಲೆಗೆ ಹೋಗಿ ಕೂತರೆ ಅದಕ್ಕೆ ಎರಡೇ ಅರ್ಥ. ಒಂದೋ ಪೊರೆ ಬಿಡಲು ತಯಾರಾಗಿದೆ, ಇಲ್ಲವೋ ಸಾಯಲು. ಆ ದಿನ ಬೆಳಿಗ್ಗೆ ನನ್ನ ಡಬ್ಬಿಯಲ್ಲಿದ್ದ ಹನ್ನೊಂದು ಹುಳಗಳಲ್ಲಿ ಒಂಬತ್ತು ಮೂಲೆ ಸೇರಿದ್ದವು. ಒಂಬತ್ತೂ ಕೂಡಿ ಪೊರೆ ಬಿಡಲು ಒಂದೇ ಮುಹೂರ್ತ ಇಟ್ಟುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಒಪ್ಪಿಕೊಳ್ಳದೆ ಮುಚ್ಚಳ ಹಾಕಿ ಡ್ಯೂಟಿಗೆ ಹೋದೆ. ಸಂಜೆ ಬಂದು ನೋಡಿದರೆ ಹನ್ನೊಂದೂ ಸತ್ತಿದ್ದವು.

ನಾನು ಹಳ್ಳಿಯ ನರ್ಸ್. ಸಿದ್ದಾಪುರ ತಾಲ್ಲೂಕಿನ ಒಂದು ಉಪಕೇಂದ್ರದಲ್ಲಿ ಮಕ್ಕಳಿಗೆ ಲಸಿಕೆ ಹಾಕುವುದು, ಬಸುರಿಯರ ತೂಕ ನೋಡುವುದು, ಕೊಟ್ಟ ಕಬ್ಬಿಣದ ಮಾತ್ರೆಯನ್ನು ನುಂಗಿದರೋ ತಿಪ್ಪೆಗೆ ಎಸೆದರೋ ಎಂದು ಮನೆಮನೆಗೆ ಹೋಗಿ ವಿಚಾರಿಸುವುದು ನನ್ನ ಕೆಲಸ. ಕೇಂದ್ರದ ಹಿಂದೆಯೇ ಕ್ವಾರ್ಟರ್ಸ್. ಗಂಡನಿಗೆ ಯಲ್ಲಾಪುರದಲ್ಲಿ ನೌಕರಿ; ರಜೆ ಸಿಕ್ಕಾಗ ನಾನು ಅಲ್ಲಿಗೆ, ಬೇಸರ ಬಂದಾಗ ಅವರು ಇಲ್ಲಿಗೆ. ಉಳಿದ ಹೊತ್ತಿನಲ್ಲಿ ಚಿಟ್ಟೆ ಸಾಕುತ್ತೇನೆ. ಹಾಗೆಂದರೆ ಜನ ನಗುತ್ತಾರೆ. ನಗಲಿ ಬಿಡಿ. ನಿಜ ಹೇಳಬೇಕೆಂದರೆ ಚಿಟ್ಟೆಯನ್ನು ಯಾರೂ ಸಾಕುವುದಿಲ್ಲ, ಸಾಕುವುದು ಹುಳವನ್ನು. ರೆಕ್ಕೆ ಬಂದ ದಿನ ಅದು ನಮ್ಮ ಮುಖವನ್ನೂ ನೋಡದೆ ಹಾರಿ ಹೋಗುತ್ತದೆ.

ಕರಿಬೇವಿನ ಗಿಡದ ಒಂದು ಹಸಿರು ಹುಳದಿಂದ ಶುರುವಾದದ್ದು ಈಗ ಹತ್ತು ವರ್ಷಕ್ಕೆ ಬಂದಿದೆ. ಸ್ವೀಟಿನ ಡಬ್ಬಿ, ಬಾಯಿಗೆ ಕಟ್ಟಲು ಗಾಯದ ಪಟ್ಟಿಯ ಗಾಜ್ ಬಟ್ಟೆ, ತಳಕ್ಕೆ ಹಳೆಯ ಪೇಪರು, ಎಲೆ ಬಾಡದಂತೆ ಇಡಲು ನೀರು ತುಂಬಿದ ಔಷಧಿ ಶೀಸೆ. ದಿನಕ್ಕೆರಡು ಸಲ ಹಿಕ್ಕೆ ಬಳಿದು ತೆಗೆಯಬೇಕು. ಫೋನಿಗೆ ಸಿಕ್ಕಿಸುವ ಒಂದು ಸಣ್ಣ ಲೆನ್ಸಿನಲ್ಲಿ ಫೋಟೊ ತೆಗೆದು, ಪುಸ್ತಕದ ಚಿತ್ರದ ಜತೆ ಹೋಲಿಸಿ, ಗೊತ್ತಾಗದಿದ್ದರೆ ಚಿಟ್ಟೆ ನೋಡುವವರ ವಾಟ್ಸಾಪ್ ಗುಂಪಿಗೆ ಹಾಕಿ ಹೆಸರು ಕೇಳುತ್ತೇನೆ. ನನ್ನ ಗಂಡ ಹೇಳುವ ಹಾಗೆ, ಮಕ್ಕಳಿದ್ದಿದ್ದರೆ ಅವಕ್ಕೂ ಇಷ್ಟು ಶುಚಿ ಮಾಡುತ್ತಿರಲಿಲ್ಲವೇನೋ. ಈ ಮಾತು ಬಂದಾಗ ನಾನು ಡಬ್ಬಿ ತೊಳೆಯಲು ಏಳುತ್ತೇನೆ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಬರ್ಡ್‌ವಿಂಗ್. ಕಪ್ಪು ರೆಕ್ಕೆಯ ಕೆಳಗೆ ಅರಿಸಿನದ ಬಣ್ಣ ಬಳಿದ, ನಮ್ಮ ಸೀಮೆಯ ದೊಡ್ಡ ಚಿಟ್ಟೆ. ದೂರದಿಂದ ನೋಡಿದರೆ ಹಕ್ಕಿಯೆಂದೇ ಅನಿಸುತ್ತದೆ. ಅದರ ಹುಳ ತಿನ್ನುವುದು ಈಶ್ವರಿ ಬಳ್ಳಿಯ ಎಲೆ, ಹಾವು ಕಚ್ಚಿದರೆ ಹಿಂದಿನವರು ಬೇರು ತೇಯ್ದು ಕುಡಿಸುತ್ತಿದ್ದ ಬಳ್ಳಿ. ಅದು ನನಗೆ ಸಿಗುತ್ತಿದ್ದದ್ದು ತವರಿಗೆ ಹೋದಾಗ, ಅರಬೈಲ್ ಘಟ್ಟದ ರಸ್ತೆಯ ಬದಿಯ ಪೊದೆಗಳಲ್ಲಿ. ಹದಿನೈದು ದಿನಕ್ಕೊಮ್ಮೆ ಹೋಗಿ ಒಂದು ಕಟ್ಟು ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಇಡುತ್ತಿದ್ದೆ.

ಬಾತುಕೋಳಿ ಬಳ್ಳಿ ಬಂದದ್ದು ನಾಲ್ಕು ವರ್ಷದ ಹಿಂದೆ. ಯಲ್ಲಾಪುರದ ಒಂದು ಮದುವೆ ಮನೆಯ ಕಂಪೌಂಡಿನಲ್ಲಿ ಹಬ್ಬಿಕೊಂಡಿತ್ತು. ಕಂದುಬಣ್ಣದ ಚುಕ್ಕೆ ಚುಕ್ಕೆ ಹೂವು, ಮೊಗ್ಗು ಥೇಟ್ ಕತ್ತು ಬಾಗಿಸಿದ ಬಾತುಕೋಳಿ. ಎಲೆಯ ಆಕಾರ ನೋಡಿದ ಕೂಡಲೇ ಇದು ಈಶ್ವರಿಯ ಕುಲದ್ದೇ ಎಂದು ಗುರುತು ಹಿಡಿದೆ. ಎಲ್ಲರೂ ಊಟಕ್ಕೆ ಎದ್ದಾಗ ಎರಡು ಕಡ್ಡಿ ಮುರಿದು ವ್ಯಾನಿಟಿ ಬ್ಯಾಗಿಗೆ ಹಾಕಿದೆ.

ಕದ್ದೆ ಎಂದು ಬೇರೆ ಸೀಮೆಯವರು ಹೇಳಬಹುದು. ನಮ್ಮಲ್ಲಿ ಹೂವಿನ ಗಿಡವನ್ನು ಕೇಳಿ ತಂದರೆ ಚಿಗುರುವುದಿಲ್ಲ, ಕದ್ದು ತಂದದ್ದೇ ಬದುಕುವುದು ಎಂದು ನಂಬಿಕೆ. ಹಾಗಾಗಿ ಬಂದ ಹೆಂಗಸರು ಬಾಯಿಬಿಟ್ಟು ಕೇಳುವುದಿಲ್ಲ, ಹೂವನ್ನು ಹೊಗಳಿ ಸುಮ್ಮನಾಗುತ್ತಾರೆ. ಮನೆಯವಳು ಸೂಕ್ಷ್ಮ ತಿಳಿದು, ನೀರು ತರುತ್ತೇನೆ ಎಂದು ಒಳಗೆ ಹೋಗಬೇಕು. ಹೋದವಳು ಬೇಗ ಬರಬಾರದು. ಹೊರಗೆ ಕಡ್ಡಿ ಮುರಿದ ಸದ್ದು ಕೇಳಿದರೂ ಕೇಳದ ಹಾಗಿರಬೇಕು. ನಾನು ಇದರಲ್ಲಿ ಪಳಗಿದವಳು. ಲಸಿಕೆಯ ದಿನ ಕೇಂದ್ರದ ಬೇಲಿಯ ಮೇಲೆ ಆ ಹೂವು ನೋಡಿ, 'ಇದೆಂತ ಚಂದ' ಎಂದು ಯಾರಾದರೂ ಅಂದ ಕೂಡಲೇ ನನಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಯಾರು ಒಯ್ದರು, ಎಷ್ಟು ಮಂದಿ ಒಯ್ದರು, ನಾನು ತಿರುಗಿ ನೋಡಲಿಲ್ಲ. ನೋಡದಿರುವುದೇ ಮರ್ಯಾದೆ ಎಂದುಕೊಂಡಿದ್ದೆ.

ಒಯ್ಯಲಿ ಎಂದೇ ನನ್ನ ಆಸೆ. ಯಾಕೆಂದರೆ ಬಳ್ಳಿ ಹಬ್ಬಿದ ವರ್ಷವೇ ಬರ್ಡ್‌ವಿಂಗ್ ಬಂದು ಅದರ ಮೇಲೆ ಮೊಟ್ಟೆ ಇಟ್ಟಿತ್ತು. ರೆಕ್ಕೆ ಪಟಪಟ ಬಡಿಯುತ್ತ, ಹೊಟ್ಟೆ ಬಾಗಿಸಿ, ಎಲೆಯ ಅಡಿಗೆ ಕಿತ್ತಳೆ ಬಣ್ಣದ ಒಂದು ಕಾಳನ್ನು ಅಂಟಿಸಿ ಹೋಯಿತು. ನಾನು ತೆಗೆದ ಆ ಫೋಟೊ ನೋಡಿ ಗುಂಪಿನವರೆಲ್ಲ ಬೆರಗಾದರು. ಕಾಡಿನಲ್ಲಿ ಅಲೆದರೂ ಸಿಗದ ದೃಶ್ಯ ನನ್ನ ಬೇಲಿಯ ಮೇಲೆ! ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ತಪ್ಪು ನಡೆದದ್ದು ಅಲ್ಲೇ. ಹಾಗೆ ಇಟ್ಟ ಮೊಟ್ಟೆಗಳನ್ನು ಎಲೆಸಮೇತ ಕಿತ್ತು ತಂದು ಡಬ್ಬಿಯಲ್ಲಿಟ್ಟೆ. ಮರಿಯಾದ ಮೇಲೆ, ರೂಢಿಯಂತೆ, ಫ್ರಿಜ್ಜಿನಲ್ಲಿದ್ದ ಅರಬೈಲ್ ಎಲೆಯನ್ನೇ ಹಾಕಿದೆ. ತಂದಿಟ್ಟದ್ದು ಹಾಳಾಗಬಾರದು ಎಂಬ ಬುದ್ಧಿ. ಹುಳ ಬೆಳೆಯಿತು, ಕೋಶ ಕಟ್ಟಿತು, ಚಿಟ್ಟೆಯಾಗಿ ಹಾರಿತು. ಬಾತುಕೋಳಿ ಬಳ್ಳಿಯ ಮೇಲೆ ಮೊಟ್ಟೆ, ಆಮೇಲೆ ಚಿಟ್ಟೆ. ನಡುವೆ ಅದು ತಿಂದದ್ದೇನು ಎಂಬುದು ಲೆಕ್ಕಕ್ಕೇ ಬರಲಿಲ್ಲ. ಬೇಲಿಯಲ್ಲೇ ಬಿಟ್ಟ ಮೊಟ್ಟೆಗಳ ಮರಿಗಳು ಕಾಣದಿದ್ದಾಗ ಹಕ್ಕಿ ತಿಂದಿರಬೇಕು, ಇರುವೆ ಒಯ್ದಿರಬೇಕು ಎಂದುಕೊಂಡೆ.

ಗುಂಪಿನ ಹಿರಿಯರೊಬ್ಬರು ಆಗಲೇ ನನಗೊಬ್ಬಳಿಗೇ ಬರೆದಿದ್ದರು: 'ಅಲಂಕಾರದ ಬಳ್ಳಿಯ ಎಲೆ ತಿಂದು ಮರಿ ಬದುಕುತ್ತವೆಯೇ? ಒಮ್ಮೆ ಗಮನಿಸಿ.' ನಾನು ಉರಿದುಬಿದ್ದೆ. ಇವರಿಗೆ ಹೊಟ್ಟೆಕಿಚ್ಚು ಎಂದೇ ತೀರ್ಮಾನಿಸಿ, ಆಗಷ್ಟೇ ಕೋಶದಿಂದ ಹೊರಬಂದ ಚಿಟ್ಟೆಯ ಫೋಟೊ ಕಳಿಸಿ, ಕೆಳಗೆ ಒಂದಕ್ಷರವನ್ನೂ ಬರೆಯಲಿಲ್ಲ. ಆ ಮನುಷ್ಯ ಮತ್ತೆ ಏನನ್ನೂ ಕೇಳಲಿಲ್ಲ. ಈಗ ಆ ಸಂದೇಶ ತೆಗೆದು ನೋಡಿದರೆ ಕಿವಿ ಬಿಸಿಯಾಗುತ್ತದೆ.

ಎಲ್ಲರೂ ಕದ್ದು ಒಯ್ದರು ಎಂದೆನಲ್ಲ, ಒಬ್ಬಳಿಗೆ ಮಾತ್ರ ನಾನೇ ಕೈಯಾರೆ ಕೊಟ್ಟೆ. ಮನ್ಮನೆ ಎಂಬ ಊರಿನವಳು. ಗದ್ದೆ ಕೆಲಸದ ಮನೆ, ಮದುವೆಯಾಗಿ ಬಂದು ಐದಾರು ವರ್ಷ. ಮೊದಲ ಬಸಿರು ಐದು ತಿಂಗಳಿಗೆ ಹೋಯಿತು. ಎರಡನೆಯದು ಏಳಕ್ಕೆ. ಎರಡನೇ ಸಲ ಆಸ್ಪತ್ರೆಯ ಗಾಡಿಯಲ್ಲಿ ಅವಳ ಜತೆ ಕೂತು ಹೋದವಳು ನಾನೇ, ವಾಪಸು ಕರೆತಂದವಳೂ ನಾನೇ. ಆಮೇಲೆ ಅವಳು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟಳು. ಬಾಣಂತಿಯರ ಮನೆಗೆ ಯಾರೂ ಅವಳನ್ನು ಕರೆಯುತ್ತಿರಲಿಲ್ಲ, ಕರೆದರೆ ಅವಳೂ ಹೋಗುವವಳಲ್ಲ. ನನಗೆ ತೋಚಿದ್ದು ಬಳ್ಳಿ. ಬೇರು ಬಿಟ್ಟ ಒಂದು ಸಸಿಯನ್ನು ಒಯ್ದು ಅಂಗಳದ ಚಪ್ಪರದ ಬುಡಕ್ಕೆ ನೆಟ್ಟು, 'ಚಿಟ್ಟೆ ಬಂದು ಮೊಟ್ಟೆ ಇಡ್ತದೆ, ದಿನಾ ಬೆಳಿಗ್ಗೆ ಎಣಿಸಿ ನಂಗೆ ಫೋಟೊ ಕಳ್ಸು' ಎಂದೆ. ಕೇಳಿ ತಂದದ್ದಲ್ಲ, ಕದ್ದದ್ದೂ ಅಲ್ಲ. ಆದರೂ ಚೆನ್ನಾಗಿಯೇ ಹಬ್ಬಿತು.

ಅವಳು ಎಣಿಸಿದಳು. ಎರಡು ವರ್ಷ, ಮೊಟ್ಟೆ ಸಿಗುವ ತಿಂಗಳುಗಳಲ್ಲಿ ಒಂದು ದಿನವೂ ತಪ್ಪದೆ, ಬೆಳಿಗ್ಗೆ ಆರೂವರೆಗೆ ಫೋಟೊ ಬರುತ್ತಿತ್ತು. ಕೆಳಗೆ ಒಂದು ಅಂಕಿ ಮಾತ್ರ. ನಾಲ್ಕು. ಏಳು. ಒಂದು ದಿನ ಹದಿಮೂರು. ಮೊದಮೊದಲು ಎಲೆಯನ್ನು ಮಗುಚಿ ಹಿಡಿದ ಅವಳ ಬೆರಳು, ಹಸಿರು ಬಳೆಯ ಅಂಚು ಫೋಟೊದಲ್ಲಿ ಕಾಣುತ್ತಿತ್ತು. ಕೆಲವು ತಿಂಗಳ ನಂತರ ಬೆರಳು ಕಾಣದಾಯಿತು. ಪೊರಕೆಯ ಹಿಡಿಕಡ್ಡಿಯಿಂದ ಎಲೆ ಎತ್ತಿ ಫೋಟೊ ತೆಗೆಯುತ್ತಿದ್ದಳು. ಮುಟ್ಟದೆ ನೋಡುವುದನ್ನು ಕಲಿತಳಲ್ಲ ಎಂದು ನನಗೆ ಖುಷಿ. 'ಶಾಣ್ಯಾ ಆದೆ ನೀನು' ಎಂದು ಬರೆದೆ.

ಮರಿಗಳ ಫೋಟೊ ಯಾಕೆ ಕಳಿಸುವುದಿಲ್ಲ ಎಂದು ಒಮ್ಮೆ ಕೇಳಿದ್ದೆ. 'ಕಾಣಲ್ಲ ಅಕ್ಕೋರೇ' ಎಂದು ಬರೆದಳು. ಇರುವೆ ಒಯ್ದಿರಬೇಕು ಎಂದು ನಾನೇ ಸಮಾಧಾನ ಹೇಳಿದೆ.

ಈ ವರ್ಷ ಅರಬೈಲ್‌ನಲ್ಲಿ ರಸ್ತೆ ಬದಿಯ ಪೊದೆಗಳನ್ನೆಲ್ಲ ಯಂತ್ರ ತಂದು ಕೆತ್ತಿ ಹಾಕಿದರು. ನಾನು ಹೋಗಿ ನೋಡಿದಾಗ ಕೆಂಪು ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಫ್ರಿಜ್ಜಿನ ಕಟ್ಟು ಮುಗಿದಿತ್ತು, ಡಬ್ಬಿಯಲ್ಲಿ ಹನ್ನೊಂದು ಮರಿಗಳಿದ್ದವು. ಬೇಲಿಯ ಮೇಲೆ ಇಷ್ಟೆಲ್ಲ ಎಲೆ ಇರುವಾಗ ಚಿಂತೆ ಯಾತಕ್ಕೆ ಎಂದು ಬಾತುಕೋಳಿ ಬಳ್ಳಿಯ ಎಳೆ ಎಲೆ ಕೊಯ್ದು ಹಾಕಿದೆ. ಗಬಗಬ ತಿಂದವು. ಮೂರನೆಯ ದಿನ ಮೂಲೆ ಸೇರಿದವು.

ಮೊದಲು ರೋಗ ಎಂದುಕೊಂಡೆ. ಡಬ್ಬಿಗಳನ್ನೆಲ್ಲ ಬ್ಲೀಚಿಂಗ್ ಪೌಡರಿನಲ್ಲಿ ತೊಳೆದು ಬಿಸಿಲಿಗಿಟ್ಟೆ. ಆಮೇಲೆ ತವರಿನ ಹಿಂದಿನ ಗುಡ್ಡ ಹತ್ತಿ ಒಂದಿಷ್ಟು ಈಶ್ವರಿ ಎಲೆ ಹುಡುಕಿ ತಂದೆ. ಬೇಲಿಯಿಂದ ಹೊಸ ಮೊಟ್ಟೆ ಆರಿಸಿ ಎರಡು ಡಬ್ಬಿಗೆ ಹಂಚಿದೆ. ಒಂದಕ್ಕೆ ಈಶ್ವರಿ, ಒಂದಕ್ಕೆ ಬಾತುಕೋಳಿ. ಮೇಲೆ ಚೀಟಿ ಅಂಟಿಸಿದೆ. ವಾರ ಕಳೆಯುವುದರೊಳಗೆ ಒಂದು ಡಬ್ಬಿಯಲ್ಲಿ ಕೊಬ್ಬಿದ ಹುಳಗಳು, ಇನ್ನೊಂದರಲ್ಲಿ ಕಪ್ಪು ದಾರದ ತುಂಡುಗಳು. ಸಂಶಯಕ್ಕೆ ಜಾಗವೇ ಉಳಿಯಲಿಲ್ಲ. ತಾಯಿಚಿಟ್ಟೆ ವಾಸನೆಗೆ ಮೋಸಹೋಗಿ ಮೊಟ್ಟೆ ಇಡುತ್ತದೆ, ಮರಿ ಎಲೆ ತಿಂದು ಸಾಯುತ್ತದೆ. ಊರೂರಿಗೆ ಲಸಿಕೆ ಹಾಕುವವಳು ಊರೂರಿಗೆ ವಿಷ ಹಂಚಿದ್ದೆ.

ಅಂದೇ ಬೇಲಿಯ ಬಳ್ಳಿ ಕಿತ್ತು ಸುಟ್ಟೆ. ಆದರೆ ಉಳಿದವು? ಯಾರು ಒಯ್ದಿದ್ದರು ಎಂದು ನೆನಪು ಮಾಡಿಕೊಳ್ಳಲು ಹೋದರೆ ನೆನಪಾಗುವುದು ನನ್ನದೇ ಅಡುಗೆಮನೆಯ ಗೋಡೆ. ಬೆನ್ನು ತಿರುಗಿಸಿ ನಿಂತವಳಿಗೆ ಏನು ಕಂಡೀತು? ಮನೆ ಭೇಟಿಗೆ ಹೋದಲ್ಲೆಲ್ಲ ಅಂಗಳ, ಹಿತ್ತಲು ಹುಡುಕತೊಡಗಿದೆ. ಒಬ್ಬಳು, 'ನಾನು ಕದ್ದಿಲ್ಲಪ್ಪ, ನಮ್ಮತ್ತೆ' ಎಂದಳು. ಇನ್ನೊಬ್ಬಳು ಆ ಬಳ್ಳಿಯಿಂದ ತನ್ನ ತಂಗಿಯ ಊರಿಗೆ, ತಂಗಿ ತನ್ನ ನಾದಿನಿಗೆ ಕೊಟ್ಟಾಗಿದೆ ಎಂದು ಹೆಮ್ಮೆಯಿಂದ ಹೇಳಿದಳು. ಮೊದಲು ನಾನು ಕೆಲಸ ಮಾಡುತ್ತಿದ್ದ ಹೆಗಡೆಕಟ್ಟಾ ಕಡೆಯ ಪರಿಚಯದ ಹೆಂಗಸೊಬ್ಬರು ಹಿಂದೊಮ್ಮೆ ಬಂದು ಒಯ್ದದ್ದು ಮಾತ್ರ ಖಚಿತವಾಗಿತ್ತು. ಅಲ್ಲಿಗೂ ಹೋದೆ. ಅವರು ಕುಡಿಯಲು ಆಸರಿಗೆ ಕೊಟ್ಟು, ಎಲ್ಲ ಕೇಳಿ, ನಕ್ಕರು.

"ಚೊಲೋ ಹೂ ಬಿಡ್ತು, ಎಂತಕ್ಕೆ ಕೀಳವು? ಆನು ಕೀಳ್ತ್ನಿಲ್ಲೆ ಮಾರಾಯ್ತಿ. ಹುಳ ಸಾಯ್ತು ಅಂದ್ರೆ ಇನ್ನೂ ಚೊಲೋನೇ ಆತಲೇ! ಯಮ್ಮನೆ ನಿಂಬೆ ಗಿಡಕ್ಕೂ ಇಂಥದ್ದೇ ಎಂತಾದ್ರೂ ಇದ್ರೆ ಕೊಡು."

ಅವರು ಹೇಳಿದ್ದರಲ್ಲಿ ತಪ್ಪೇನು? ಹುಳ ಸಾಯಲಿ ಎಂದೇ ಲೋಕವೆಲ್ಲ ಔಷಧಿ ಹೊಡೆಯುತ್ತದೆ. ನಾನು ಅರ್ಧ ಗಂಟೆ ವಾದ ಮಾಡಿ, ಕೊನೆಗೆ ಜಗಳಕ್ಕೂ ನಿಂತು, ಬರಿಗೈಯಲ್ಲಿ ಬಂದೆ.

ಇಷ್ಟೆಲ್ಲ ಓಡಾಡುತ್ತಿದ್ದವಳು ಮನ್ಮನೆಗೆ ಮಾತ್ರ ಹೋಗಲಿಲ್ಲ. ಕೇಂದ್ರದಿಂದ ಸ್ಕೂಟಿಯಲ್ಲಿ ಕಾಲು ಗಂಟೆಯ ದಾರಿ. ಹದಿನಾರು ದಿನ ಹೋಗಲಿಲ್ಲ. ದಿನಾ ಆರೂವರೆಗೆ ಫೋಟೊ ಬರುತ್ತಿತ್ತು. ಐದು. ಮೂರು. ಎಂಟು. ನಾನು ಹೆಬ್ಬೆಟ್ಟು ಎತ್ತಿದ ಗುರುತು ಕಳಿಸುತ್ತಿದ್ದೆ. ಎರಡು ಸಲ ಹೊಟ್ಟೆ ಬರಿದಾದವಳಿಗೆ, ನೀನು ಎರಡು ವರ್ಷ ಎಣಿಸಿದ್ದೆಲ್ಲ ಸತ್ತು ಹೋಗಿವೆ ಎಂದು ಹೇಗೆ ಹೇಳಲಿ? ಬಳ್ಳಿಗೆ ರೋಗ ಬಂದಿದೆ, ಕೀಳಬೇಕು ಎಂದು ಸುಳ್ಳು ಹೇಳಿದರಾಯಿತು ಎಂದು ಎಷ್ಟೋ ಸಲ ಮಾತು ಜೋಡಿಸಿಕೊಂಡೆ. ಸುಳ್ಳು ನನಗೆ ಚೆನ್ನಾಗಿಯೇ ಬರುತ್ತದೆ, ಸೂಜಿ ನೋಯುವುದಿಲ್ಲ ಎಂದು ದಿನಕ್ಕೆ ಹತ್ತು ಸಲ ಹೇಳುವವಳು ನಾನು. ಆದರೆ ದಿನ ಕಳೆದಷ್ಟೂ ಮೊಟ್ಟೆ ಹೆಚ್ಚುತ್ತಿತ್ತು. ನಾನು ಹೆದರಿ ಕೂತ ಒಂದೊಂದು ದಿನಕ್ಕೂ ಅವು ಸಾಯುತ್ತಿದ್ದವು. ಹದಿನೇಳನೆಯ ದಿನ ಮಧ್ಯಾಹ್ನ ಡಬ್ಬಿ, ಕತ್ತಿ ಹಿಡಿದು ಹೊರಟೆ.

ಅವಳು ಅಂಗಳದಲ್ಲಿ ಗೊರಬಲು ಅಡಿಕೆ ಒಣಗಿಸುತ್ತಿದ್ದಳು. ಚಪ್ಪರದ ತುಂಬ ಹೂವು. "ಬನ್ನಿ ಅಕ್ಕೋರೇ, ಕೂತ್ಕಳಿ" ಎಂದಳು. ನಾನು ಕೂರಲಿಲ್ಲ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಬೇರೆ ಮಾತು ಬರುತ್ತದೆ. ನಿಂತಲ್ಲೇ ಎಲ್ಲ ಹೇಳಿದೆ. ಎರಡು ಡಬ್ಬಿಯ ಕತೆ, ಎಲೆಯ ವಿಷ, ಹಿರಿಯರು ಎಚ್ಚರಿಸಿದ್ದು, ನಾನು ಸೊಕ್ಕು ಮಾಡಿದ್ದು. ಸುಳ್ಳು ಒಂದೂ ಸೇರಿಸಲಿಲ್ಲ. ಅವಳು ಅಳುತ್ತಾಳೆ, ಇಲ್ಲವೇ ನನ್ನ ಮುಖಕ್ಕೆ ಉಗಿಯುತ್ತಾಳೆ ಎಂದು ಕಾದೆ.

ಅವಳು ಗೊರಬಲನ್ನು ಕೈಯಿಂದ ಹರವುತ್ತಲೇ ಇದ್ದಳು. ಆಮೇಲೆ ನಿಧಾನಕ್ಕೆ, "ಸಾಯ್ತಾವೆ ಅಂತ ನಂಗೆ ಗೊತ್ತಿತ್ತು ಅಕ್ಕೋರೇ" ಎಂದಳು.

"ಯಾವಾಗಿಂದ?"

"ಮೊದಲ್ನೇ ವರ್ಷದಿಂದ್ಲೇ. ಎಲೆ ಅಡಿಗೇ ಸತ್ತು ಅಂಟ್ಕಂಡಿರ್ತಿದ್ವು. ಕರಟದಲ್ಲಿ ಹಾಕಿ ಬಚ್ಚಲ ಹಿಂದೆ ಹುಗೀತಿದ್ದೆ. ನಿಮ್ಮ ಬೇಲೀಲಿ ಚಿಟ್ಟೆ ಆಗ್ತಾವೆ, ನೀವು ಫೋಟೊ ತೋರ್ಸಿದ್ರಿ. ಅದೇ ಬಳ್ಳಿ, ಇಲ್ಲಿ ಮಾತ್ರ ಸಾಯ್ತಾವೆ. ನನ್ನ ಕೈಗುಣ ಅಂದ್ಕಂಡೆ. ಆಮೇಲಿಂದ ಮುಟ್ಲೇ ಇಲ್ಲ. ನೀರನ್ನೂ ನಮ್ಮನೆಯವ್ರ ಹತ್ರವೇ ಹಾಕ್ಸ್ತಿದ್ದೆ. ಎಲೆ ಎತ್ತಾದಕ್ಕೂ ಕಡ್ಡಿ ಇಟ್ಕಂಡಿದ್ದೆ."

ಹಿಡಿಕಡ್ಡಿ ಚಪ್ಪರದ ಕಂಬಕ್ಕೆ ಸಿಕ್ಕಿಸಿದ್ದು ಅಲ್ಲೇ ಕಾಣುತ್ತಿತ್ತು. ಶಾಣ್ಯಾ ಆದೆ ಎಂದು ನಾನು ಬರೆದದ್ದು ನೆನಪಾಗಿ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಊರವರೆಲ್ಲ ನನ್ನ ಕೈಗುಣ ಹೊಗಳುತ್ತಾರೆ, ಸಿಸ್ಟರ್ ಸೂಜಿ ಹಾಕಿದರೆ ಮಗು ಅಳುವುದೇ ಇಲ್ಲ ಎನ್ನುತ್ತಾರೆ. ಆ ಹೊಗಳಿಕೆಯನ್ನು ಎಲ್ಲರೆದುರು ಸಂತೋಷದಿಂದ ಕೇಳಿಸಿಕೊಂಡವಳು ನಾನು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಬಳ್ಳಿ ವಾಪಸ್ ತಗಂಡು ಹೋಗ್ತಿದ್ರಿ."

ನಾನು ಕತ್ತಿಯನ್ನು ಕೆಳಗಿಟ್ಟೆ. ಅವಳೇ ಕೇಳಿದಳು: "ಹಂಗಾರೆ ನನ್ನ ಕೈಯಲ್ಲ?"

"ಅಲ್ಲ. ಎಲೆ. ತಂದು ನೆಟ್ಟವಳು ನಾನು."

"ನನ್ನ ಕೈಯಲ್ಲ" ಎಂದು ತನಗೇ ಹೇಳಿಕೊಂಡಳು. ಕೈಗೆ ಅಂಟಿದ್ದ ಧೂಳನ್ನು ಸೀರೆಗೆ ಒರೆಸಿದಳು. ಎದ್ದು ನಿಂತು, ನನ್ನ ಕಡೆ ನೋಡದೆ, ಚಪ್ಪರದ ಕಡೆ ನೋಡುತ್ತ, "ಮತ್ತೆ ಅವೆರಡು?" ಎಂದಳು.

ಯಾವ ಎರಡು ಎಂದು ನಾನು ಕೇಳಲಿಲ್ಲ. ಗಾಡಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಆಗ ನಾನು ಅವಳಿಗೆ ಏನೇನು ಹೇಳಿರಲಿಲ್ಲ? ಧೈರ್ಯ ತಗೋ ಎಂದೆ, ಮುಂದಿನ ಸಲ ಸರಿಯಾಗುತ್ತದೆ ಎಂದೆ, ಭಾರ ಎತ್ತಬೇಡ, ಮಾತ್ರೆ ಬಿಡಬೇಡ ಎಂದೆ. ಭಾರ ಎತ್ತಬೇಡ ಎಂದರೆ, ಎತ್ತಿದ್ದಕ್ಕೇ ಹೋಯಿತು ಎಂದು ಕೇಳಿಸುತ್ತದೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹೇಳಬೇಕಾದ ಒಂದು ಮಾತನ್ನು ಮಾತ್ರ ಹೇಳಿರಲಿಲ್ಲ. ಅದರ ಬದಲಿಗೆ ಒಂದು ಬಳ್ಳಿ ತಂದು ನೆಟ್ಟು ಹೋಗಿದ್ದೆ.

"ಅವೂ ನಿನ್ನ ಕೈಯಲ್ಲ" ಎಂದೆ. "ನೀನು ಏನೋ ಮಾಡಿದ್ದಕ್ಕೆ ಹಂಗಾಗಿದ್ದಲ್ಲ. ಆವತ್ತೇ ಹೇಳ್ಬೇಕಿತ್ತು."

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ನಂಬಿದಳೋ ಇಲ್ಲವೋ ನನಗೆ ಈಗಲೂ ತಿಳಿಯದು. ಇಷ್ಟು ವರ್ಷ ತಡವಾಗಿ ಬಂದ ಮಾತನ್ನು ಯಾರಾದರೂ ಒಂದೇ ಏಟಿಗೆ ಯಾಕೆ ನಂಬಬೇಕು? ನಾನು ಕತ್ತಿ ತೆಗೆದುಕೊಂಡು ಬಳ್ಳಿಯ ಬುಡಕ್ಕೆ ಹೋದೆ.

"ತಡೀರಿ" ಎಂದಳು. "ಇವತ್ತಿನ್ದು ಆರಿಸ್ಬೇಕು. ಏಳು ಇದಾವೆ."

ಕಂಬಕ್ಕೆ ಸಿಕ್ಕಿಸಿದ್ದ ಕಡ್ಡಿಯನ್ನು ಅವಳು ತೆಗೆದುಕೊಳ್ಳಲಿಲ್ಲ. ಕೈ ಚಾಚಿ, ಎಲೆಯನ್ನು ಬೆರಳಿಂದ ಮಗುಚಿ, ತೊಟ್ಟು ಚಿವುಟಿ, ನಾನು ಹಿಡಿದಿದ್ದ ಡಬ್ಬಿಯೊಳಗೆ ಇಟ್ಟಳು. ಬಳೆ ಡಬ್ಬಿಯ ಅಂಚಿಗೆ ತಾಗುತ್ತಿತ್ತು. ಏಳನ್ನೂ ಅವಳೇ ಆರಿಸಿದಳು. ಬದುಕುತ್ತವೆಯೇ ಎಂದು ಮಾತ್ರ ಕೇಳಲಿಲ್ಲ. ಗುಡ್ಡದಿಂದ ತಂದ ಈಶ್ವರಿ ಎಲೆ ಇನ್ನೆಷ್ಟು ದಿನಕ್ಕೆ ಸಾಲುತ್ತದೋ ನನಗೇ ಗೊತ್ತಿರಲಿಲ್ಲ. ಕೇಳಿದ್ದರೆ, ಇನ್ನೊಂದು ಸುಳ್ಳು ಹೇಳಲು ನನ್ನಿಂದ ಆಗುತ್ತಿರಲಿಲ್ಲ.